ಚಳಿಯಲ್ಲಿ ಬೆವರಿದವನು

ಮೊನ್ನೆ ಬೆಳಿಗ್ಗೆ ತಲೆಗೆ ಹಚ್ಚಲೆಂದು ಬಾಟಲಿ ಬಗ್ಗಿಸಿದರೆ ಎಣ್ಣೆ ಬೀಳಲೇ ಇಲ್ಲ. ತೆಂಗಿನೆಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ನೀವು ಘಟ್ಟದ ಮೇಲಿನವರಾದರೆ ಇದೇನು ದೊಡ್ಡ ಸಂಗತಿ ಎಂದು ನಗುತ್ತೀರಿ. ನಮ್ಮ ಮಂಗಳೂರಿಗೆ ಚಳಿಗಾಲ ಬಂತು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಇಲ್ಲ. ವರ್ಷಕ್ಕೆ ಎರಡೋ ಮೂರೋ ವಾರ ಬೆಳಗಿನ ಹೊತ್ತು ಘಟ್ಟದ ಕಡೆಯಿಂದ ಒಂದು ತೆಳ್ಳನೆ ಗಾಳಿ ಬರುತ್ತದೆ. ನಾವು ಮಫ್ಲರ್ ಸುತ್ತಿಕೊಂಡು ಹಿಮಾಲಯಕ್ಕೆ ಹೊರಟವರ ಹಾಗೆ ಹಾಲು ತರಲು ಹೋಗುತ್ತೇವೆ.

ಮೊದಲೆಲ್ಲ ಎಣ್ಣೆ ಗಟ್ಟಿಯಾದ ದಿನ ನಾನು ಹಮೀದನಿಗೆ ಫೋನು ಮಾಡುತ್ತಿದ್ದೆ. ಕೆಲವು ವರ್ಷ ಅವನ ಫೋನೇ ಮೊದಲು ಬರುತ್ತಿತ್ತು. ಹೇಳುವುದು ಒಂದೇ ಮಾತು, ಎಣ್ಣೆ ಗಟ್ಟಿಯಾಯಿತು ಎಂದು. ಮರುದಿನ ಐದೂವರೆಗೆ ಇಬ್ಬರೂ ಉರ್ವ ಮಾರ್ಕೆಟಿನ ಎದುರು ಹಾಜರು. ಅಲ್ಲಿಂದ ಹಳೆಯ ಕಾವಲು ಬುರುಜಾದ ಸುಲ್ತಾನ್ ಬತ್ತೇರಿಯವರೆಗೆ ಓಟ, ಹೊಳೆಬದಿಯಲ್ಲಿ ಎರಡು ನಿಮಿಷ ನಿಂತು ಮತ್ತೆ ವಾಪಸು. ಹಮೀದ್ ಗಲ್ಫಿನಲ್ಲಿ ಹದಿನೆಂಟು ವರ್ಷ ದುಡಿದು ಬಂದು ಮಾರ್ಕೆಟಿನ ಹತ್ತಿರ ಚಪ್ಪಲಿ ಅಂಗಡಿ ಇಟ್ಟವನು. ನನಗಿಂತ ನಾಲ್ಕು ವರ್ಷ ಚಿಕ್ಕವನು, ಆದರೂ ಓಡುವ ಬೂಟು ಹಾಕಿಸಿ, ಲೇಸು ಕಟ್ಟುವುದನ್ನೂ ನನಗೆ ಕಲಿಸಿದವನು ಅವನೇ. ಗಲ್ಫಿನಲ್ಲಿ ಒಳಗೆ ಏಸಿಯ ಚಳಿ, ಹೊರಗೆ ಕೆಂಡ, ನಡುವೆ ಮನುಷ್ಯನಿಗೆ ಹೇಳಿ ಮಾಡಿಸಿದ ಹವೆಯೇ ಇಲ್ಲ ಎನ್ನುತ್ತಿದ್ದ.

ಚಳಿಯಲ್ಲಿ ಓಡುವುದರಲ್ಲಿ ಅಂಥದ್ದೇನು ಎಂದು ಕೇಳಿದರೆ ಹೇಳಬೇಕಾದದ್ದು ಬೆವರಿನ ವಿಷಯ. ನಾವು ಸ್ನಾನ ಮಾಡಿ ಮೈ ಒರೆಸುವಷ್ಟರಲ್ಲಿ ಬೆವರುವವರು. ನಮ್ಮ ಮದುಮಕ್ಕಳು ಮಂಟಪದಲ್ಲಿ ಬೆವರುತ್ತಾರೆ, ನನ್ನ ಮಕ್ಕಳ ಉತ್ತರಪತ್ರಿಕೆಗಳು ಮೊಣಕೈಯ ಒದ್ದೆ ಗುರುತಿನೊಂದಿಗೇ ನನ್ನ ಮೇಜಿಗೆ ಬರುತ್ತಿದ್ದವು. ಮಕ್ಕಳೆಂದರೆ ಶಾಲೆಯ ಮಕ್ಕಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮೇಷ್ಟ್ರು ನಾನು. ಇಲ್ಲಿ ಯಾರ ಹಣೆಯ ಮೇಲೆ ಬೆವರು ಕಂಡರೂ ಯಾರೂ ಕಾರಣ ಕೇಳುವುದಿಲ್ಲ. ಆದರೆ ಆ ಎರಡು ಮೂರು ವಾರ ಮಾತ್ರ ಎಷ್ಟು ಓಡಿದರೂ ಅಂಗಿ ಬೆನ್ನಿಗೆ ಅಂಟುವುದಿಲ್ಲ. ಕಿವಿಯ ತುದಿ ತಣ್ಣಗಾಗುತ್ತದೆ, ಎದೆಯೊಳಗೆ ಹೋದ ಗಾಳಿ ಹೋದದ್ದು ಗೊತ್ತಾಗುತ್ತದೆ. ಐವತ್ತೆಂಟರ ನನಗೆ ಇಪ್ಪತ್ತರ ಕಾಲು ಬಂದ ಹಾಗಾಗುತ್ತಿತ್ತು. ಹೆಂಡತಿ ಇದನ್ನು ಹುಚ್ಚು ಎನ್ನುತ್ತಿದ್ದಳು. ಹುಚ್ಚೇ ಇರಬೇಕು, ಯಾಕೆಂದರೆ ಅದರ ಮುಂದೆ ನನಗೆ ಬೇರೇನೂ ಕಾಣಿಸುತ್ತಿರಲಿಲ್ಲ.

ಎಂಟು ವರ್ಷದ ಹಿಂದಿನ ಒಂದು ಬೆಳಿಗ್ಗೆ. ಅಷ್ಟು ಒಳ್ಳೆಯ ಚಳಿ ಅದಕ್ಕೆ ಮೊದಲು ಬಂದದ್ದು ನನಗೆ ನೆನಪಿಲ್ಲ. ಬತ್ತೇರಿಯಿಂದ ವಾಪಸು ಬರುವಾಗ ಏರಿನಲ್ಲಿ ಹಮೀದ್ ಹಿಂದೆ ಬಿದ್ದ. ತಿರುಗಿ ನೋಡಿದರೆ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತಿದ್ದ. ಹತ್ತಿರ ಹೋದೆ. ಅಂಗಿ ಹಿಂಡಿದರೆ ನೀರು ಇಳಿಯುವಷ್ಟು ಒದ್ದೆ, ಗಡ್ಡದಿಂದ ಬೆವರು ತೊಟ್ಟಿಕ್ಕುತ್ತಿತ್ತು.

“ಎಂತ ಮಾರಾಯ, ಈ ಚಳಿಯಲ್ಲೂ ಬೆವರುವುದಾ? ನಿನ್ನೆ ಮದುವೆ ಬಿರಿಯಾನಿ ಜೋರಿತ್ತಾ?” ಎಂದೆ.

“ಇಲ್ಲಿ ಎಂತದೋ ಹಿಡಿದ ಹಾಗೆ ಉಂಟು ಮಾಸ್ಟ್ರೇ,” ಎಂದು ಎದೆಯ ಕೆಳಗೆ ಕೈ ಇಟ್ಟ.

“ಗ್ಯಾಸ್. ಮನೆಗೆ ಹೋಗಿ ಒಂದು ಜೀರಿಗೆ ಸೋಡಾ ಕುಡಿ, ಸರಿಯಾಗ್ತದೆ.”

“ಇರಬೇಕು. ನೀವು ಹೋಗಿ, ನಾನು ಮೆಲ್ಲ ಬರ್ತೇನೆ.”

ನಾನು ಹೋದೆ. ಬೆವರು ಯಾಕೆ ಬರುತ್ತದೆ, ಎಲ್ಲಿಂದ ಬರುತ್ತದೆ ಎಂದು ಚಿತ್ರ ಬರೆದು ಕಲಿಸಿದವನಿಗೆ, ಬೆವರಬಾರದ ಹೊತ್ತಿನಲ್ಲಿ ಬೆವರುವ ಮನುಷ್ಯ ಕಣ್ಣೆದುರೇ ಇದ್ದರೂ ತಿಳಿಯಲಿಲ್ಲ. ನನ್ನ ವಿದ್ಯೆಯೆಲ್ಲ ಪುಸ್ತಕದ ಬದನೆಕಾಯಿ. ತಿಳಿಯದೆ ಹೋದೆ ಎಂದಷ್ಟೇ ಹೇಳಿದರೂ ಅದು ಅರ್ಧ ಸತ್ಯ. ನನ್ನ ಕಾಲು ಆಗ ಒಳ್ಳೆಯ ಲಯದಲ್ಲಿತ್ತು, ನಿಂತರೆ ಮೈ ಆರಿ ಆ ಸುಖ ಹೋಗಿಬಿಡುತ್ತದೆ ಎಂದು ನನಗೆ ಅವಸರವಿತ್ತು. ಮಾರ್ಕೆಟಿನವರೆಗೆ ಒಂದೇ ಉಸಿರಿಗೆ ಓಡಿದೆ. ಮನೆಗೆ ಹೋಗಿ ಬಿಸಿನೀರು ಸ್ನಾನವನ್ನೂ ಮಾಡಿದೆ.

ಅವನನ್ನು ಯಾರೋ ರಿಕ್ಷಾದಲ್ಲಿ ಅತ್ತಾವರದ ಆಸ್ಪತ್ರೆಗೆ ಸಾಗಿಸಿದ್ದರು. ಹಾರ್ಟ್ ಅಟ್ಯಾಕ್. ಮೂರು ದಿನ ಇದ್ದ, ನಾಲ್ಕನೆಯ ದಿನ ಹೋದ. ಬರುವುದು ತುಂಬ ತಡವಾಯಿತು ಎಂದು ಡಾಕ್ಟರು ಅವನ ಮನೆಯವರಿಗೆ ಹೇಳುವಾಗ ನಾನು ಪಕ್ಕದಲ್ಲೇ ನಿಂತಿದ್ದೆ.

ಅವನ ಹೆಂಡತಿ ಝೊಹರಕ್ಕನನ್ನು ಮಾತಾಡಿಸಲು ಸಾಧ್ಯವಾದದ್ದು ಗಂಡ ತೀರಿದವರು ಹೊರಗಿನ ಗಂಡಸರ ಎದುರು ಬಾರದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಕಳೆದ ಮೇಲೆ. ಆ ದಿನ ನೋವು ಗೀವು ಅಂತ ಏನಾದರೂ ಹೇಳಿದ್ದರಾ ಎಂದು ಕೇಳಿದರು. ಏನೂ ಹೇಳಲಿಲ್ಲ, ನಗಾಡುತ್ತಲೇ ಇದ್ದ ಎಂದೆ. ಅವರು ಸುಮ್ಮನೆ ತಲೆ ಆಡಿಸಿದರು. ಅಂದಿನಿಂದ ನಾನು ಓಡಿಲ್ಲ. ಪ್ರತಿ ಚಳಿಗಾಲದಲ್ಲಿ ಎಚ್ಚರವಾದರೂ ಹೊದಿಕೆ ಮುಖದ ಮೇಲೆಳೆದು ಮಲಗಿದೆ. ಅದನ್ನೇ ಪ್ರಾಯಶ್ಚಿತ್ತ ಎಂದುಕೊಂಡಿದ್ದೆ.

ಮೊನ್ನೆ ಮಾತ್ರ ತಡೆಯಲಾಗಲಿಲ್ಲ. ಸಂಜೆ ಅವರ ಮನೆಗೆ ಹೋದೆ. ಚಾ ಬಂತು. ಕಪ್ಪು ಕೆಳಗಿಡುತ್ತಾ ಎಲ್ಲವನ್ನೂ ಹೇಳಿದೆ, ಬೆವರು, ಬಿರಿಯಾನಿಯ ತಮಾಷೆ, ಸೋಡಾ, ಬಿಟ್ಟು ಓಡಿದ್ದು. ಝೊಹರಕ್ಕ ನನ್ನ ಕಪ್ಪನ್ನು ತಮ್ಮ ಕಡೆಗೆ ಎಳೆದುಕೊಂಡರು.

“ನನಗೆ ಗೊತ್ತುಂಟು ಮಾಸ್ಟ್ರೇ. ಆಸ್ಪತ್ರೆಯಲ್ಲಿ ಅವರೇ ಹೇಳಿದ್ರು. ನಿನಗೆ ಗೊತ್ತುಂಟು ಅಂತ ಮಾಸ್ಟ್ರಿಗೆ ಹೇಳ್ಬೇಡ, ಹೇಳಿದ್ರೆ ಅವರು ಓಡುವುದು ಬಿಡ್ತಾರೆ, ಪಾಪ, ವರ್ಷಕ್ಕೆ ಅದೊಂದು ಖುಷಿ ಅವರಿಗೆ ಅಂದ್ರು. ಅದಕ್ಕೇ ನಾನು ಹೇಳ್ಲಿಲ್ಲ. ಅವತ್ತು ಕೇಳಿದ್ದು ನೀವಾಗಿಯೇ ಹೇಳ್ತೀರೇನೋ ಅಂತ.” ಆಮೇಲೆ ಕೇಳಿದರು, “ಈಗಲೂ ಓಡ್ತೀರಿ ಅಲ್ವಾ?”

“ಓಡ್ತೇನೆ,” ಎಂದೆ. ಸತ್ಯ ಹೇಳಲು ಹೋದವನು ಹೊಸದೊಂದು ಸುಳ್ಳು ಹೇಳಿ ಬಂದೆ.

ಆ ಸುಳ್ಳನ್ನಾದರೂ ನಿಜ ಮಾಡೋಣವೆಂದು ಈ ದಿನ ಬೆಳಿಗ್ಗೆ ಎದ್ದು ಹೊರಟೆ. ಅರುವತ್ತಾರರ ಮಂಡಿಗೆ ಎಂಟು ವರ್ಷದ ಹಾಸಿಗೆಯ ಅಭ್ಯಾಸ. ನೂರು ಹೆಜ್ಜೆಯೂ ಆಗಿರಲಿಲ್ಲ, ಕಾಲು ಹಿಡಿಯಿತು, ಉಸಿರು ಮೇಲಕ್ಕೆ ಬಂತು. ಯಾರದೋ ಮನೆಯ ಗೋಡೆಗೆ ಒರಗಿ ನಿಂತೆ. ಅವನು ನನಗಾಗಿ ಉಳಿಸಿಟ್ಟಿದ್ದ ಖುಷಿ ಅದೊಂದೇ, ಅದನ್ನೂ ಮಲಗಿಯೇ ಕಳೆದುಕೊಂಡೆ. ಇನ್ನು ಅದು ನನಗೆ ಸಿಗುವುದಿಲ್ಲ.

ಪೇಪರ್ ಹಾಕಿಕೊಂಡು ಸ್ಕೂಟರಿನಲ್ಲಿ ಹೋಗುತ್ತಿದ್ದವರೊಬ್ಬರು ನಿಲ್ಲಿಸಿದರು. ನನ್ನ ಗುರುತಿನವರಲ್ಲ. ಎಂತ ಆಯ್ತು ಎಂದು ಕೇಳಿದರು. ಏನಿಲ್ಲ, ಸ್ವಲ್ಪ ಸುಸ್ತು, ನೀವು ಹೋಗಿ ಎಂದೆ. ಅವರು ಹೋಗಲಿಲ್ಲ. ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ನನ್ನ ಹಣೆ ಮುಟ್ಟಿ ನೋಡಿ, ಪಕ್ಕದಲ್ಲಿ ನಿಂತರು. ಮತ್ತೊಮ್ಮೆ ಹೋಗಿ ಎಂದೆ. ಮತ್ತೂ ನಿಂತರು. ನನ್ನ ಉಸಿರು ಸಮವಾಗುವವರೆಗೆ, ಹಂಚಬೇಕಾದ ಪೇಪರನ್ನೆಲ್ಲ ಹಾಗೆಯೇ ಬಿಟ್ಟು ನಿಂತರು. ನಾನು ಆ ದಿನ ಮಾಡಬೇಕಾಗಿದ್ದದ್ದು ಇಷ್ಟೇ.