ನೀಲಿ ಕೊಡೆಯ ಕಪ್ಪು ನೆನಪು

ಬಟ್ಟೆ ವ್ಯಾಪಾರಿಯ ಕಣ್ಣಿಗೆ ಮರೆವು ಮಾವ ಅಂಗಡಿಯ ಕೊನೆಯ ಕಪಾಟಿನ ಮಾಲು. ಅಗಲ ಕಡಿಮೆ, ಉದ್ದ ಸಾಲದು, ಬಣ್ಣ ಎಷ್ಟೋ ಒಗೆತ ಕಂಡಿದೆ. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಅದನ್ನು ಮೇಜಿನ ಮೇಲೆಲ್ಲ ಹುಡುಕುವುದು ಅವನ ದಿನದ ವ್ಯಾಯಾಮ. ಎರಡು ಬೆರಳಲ್ಲಿ ಉಜ್ಜಿ ನೋಡಿದ ಮೇಲಷ್ಟೇ ಗೊತ್ತಾಗುವುದು, ನೇಯ್ಗೆ ಬಿಗಿ.

ಬಸ್ ನಿಲ್ದಾಣದ ವಿಚಾರಣೆ ಕೌಂಟರಿಗೂ ಶೌಚಾಲಯಕ್ಕೂ ನಡುವಿನ ಇಕ್ಕಟ್ಟಾದ ಕೋಣೆ ಅವನದು. ಜನ ಬಸ್ಸಿನಲ್ಲಿ ಬಿಟ್ಟುಹೋದದ್ದೆಲ್ಲ ಅಲ್ಲಿಗೆ ಬಂದು ಬೀಳುತ್ತದೆ: ಊಟದ ಡಬ್ಬಿ, ಒಂಟಿ ಚಪ್ಪಲಿ, ಎಕ್ಸ್-ರೇ ಲಕೋಟೆ, ಒಮ್ಮೆ ಒಂದು ಹಲ್ಲಿನ ಸೆಟ್ಟು. ಹಿಂದೆಯೇ ಕಳೆದುಕೊಂಡವರೂ ಬರುತ್ತಾರೆ. ಇಪ್ಪತ್ತಾರು ವರ್ಷ ಮರೆತವರ ನಡುವೆ ಕೂತದ್ದಕ್ಕೆ ಡ್ರೈವರುಗಳು ಕೊಟ್ಟ ಬಿರುದು ಮರೆವು ಮಾವ. ಅವನ ಹೆಂಡತಿಯ ತಕರಾರು ಬೇರೆ. "ಊರಿನವರ ಕೊಡೆಯೆಲ್ಲ ಇವರಿಗೆ ಬಾಯಿಪಾಠ. ಮಗಳು ಯಾವ ಕ್ಲಾಸು ಅಂತ ಕೇಳಿ ನೋಡಿ, ಕಣ್ ಕಣ್ ಬಿಡ್ತಾರೆ."

ಮಾವನದು ಎರಡೇ ಕಟ್ಟಳೆ. ಮೊದಲನೆಯದು, ಬಣ್ಣವನ್ನು ತಾನಾಗಿ ಹೇಳಬಾರದು. "ಕೆಂಪು ಚೀಲವೇ?" ಎಂದು ಬಾಯಿತಪ್ಪಿ ಕೇಳಿದರೆ ಸಾಕು, ಬಂದವರ ತಲೆಯೊಳಗಿನ ಚೀಲ ನಿಂತಲ್ಲೇ ಕೆಂಪಾಗಿಬಿಡುತ್ತದೆ. ಪಾಪ, ಅವರು ಸುಳ್ಳು ಹೇಳುತ್ತಿರುವುದಿಲ್ಲ. ಎರಡನೆಯದು, ವಸ್ತುವನ್ನು ವಿಚಾರಿಸಬಾರದು, ಜಗಳವನ್ನು ವಿಚಾರಿಸಬೇಕು. ಊಟದ ಡಬ್ಬಿ ಹುಡುಕಿಕೊಂಡು ಬಂದ ಹೆಂಗಸಿಗೆ ಅವನ ಪ್ರಶ್ನೆ ಇದು:

"ಡಬ್ಬಿ ಎಲ್ಲಿಟ್ರಿ ಅನ್ನೋದು ಬಿಡಿ ಅಕ್ಕ. ಆ ಹೊತ್ತಲ್ಲಿ ಯಾರನ್ನ ಬೈತಿದ್ರಿ?"

"ಪಕ್ಕದೋಳನ್ನ! ಕಿಟಕಿ ಮುಚ್ಚಲ್ಲ ಅಂದ್ಲು. ನಾನೇ ಎದ್ದು... ಅಯ್ಯೋ, ಮುಚ್ಚೋಕೆ ಎರಡೂ ಕೈ ಬೇಕಾಯ್ತು. ಸೀಟಿನ ಕೆಳಗೆ ತಳ್ಳಿದೆ!"

ಇಟ್ಟದ್ದನ್ನು ಮರೆಯುವವರುಂಟು, ಬೈದದ್ದನ್ನು ಮರೆಯುವವರಿಲ್ಲ. ಸಿಟ್ಟಿನ ಬಾಲ ಹಿಡಿದು ಎಳೆದರೆ ಡಬ್ಬಿಯೂ ಜೊತೆಗೇ ಬರುತ್ತದೆ.

ಒಂದು ಸೋಮವಾರ ಆ ಕೌಂಟರಿನ ಮುಂದೆ ಬಂದು ನಿಂತವನು ಇದನ್ನು ಬರೆಯುತ್ತಿರುವವನೇ. ಸದ್ಯಕ್ಕೆ ಅವನನ್ನು ವ್ಯಾಪಾರಿ ಎನ್ನೋಣ. ಆ ದಿನದ ಮಟ್ಟಿಗೆ ಅಷ್ಟು ಮರ್ಯಾದೆ ಸಾಕು.

"ಕೊಡೆ ಬಿಟ್ಟೋಗಿದೀನಿ. ಕಪ್ಪು, ಮರದ ಹಿಡಿ."

"ಬಿಟ್ಟಾಗ ಯಾರ ಮೇಲೆ ಸಿಟ್ಟಾಗಿದ್ರಿ ಸ್ವಾಮಿ?"

"ನನಗೆ ಸಿಟ್ಟೇ ಬರಲ್ಲ ಕಣ್ರೀ!" ವ್ಯಾಪಾರಿ ಮೇಜು ಗುದ್ದಿದ.

ಮಾವ ಆ ದಿನದ ಬಸ್ಸಿನ ಮೂರು ಕೊಡೆ ತಂದಿಟ್ಟ. ಒಂದು ಮಕ್ಕಳದು, ಒಂದು ನೀಲಿಯದು, ಒಂದು ಕಪ್ಪು. "ಈ ಹೆಂಗಸರದ್ದನ್ನ ಆಚೆ ತೆಗೀರಿ" ಎಂದು ವ್ಯಾಪಾರಿ ನೀಲಿಯನ್ನು ಪಕ್ಕಕ್ಕೆ ಸರಿಸಿ ಕಪ್ಪಿನ ಮೇಲೆ ಕೈಯಿಟ್ಟ. "ಇದೇ!"

"ಬಿಚ್ಚೋಕೆ ಮುಂಚೆ ಹೇಳಿ, ಎಷ್ಟು ಕಡ್ಡಿ ಬಾಗಿದೆ?"

"ನನ್ನ ಕೊಡೆ ಕಡ್ಡಿ ಬಾಗಲ್ಲ."

ಬಿಚ್ಚಿದರೆ ಎರಡು ಬಾಗಿದ್ದವು. ಮಾವ ಕೊಡೆ ಮಡಿಸಿ ಒಳಗಿಟ್ಟ. ವ್ಯಾಪಾರಿ ನೆಟ್ಟಗೆ ಮೇಲಧಿಕಾರಿಯ ಕೋಣೆಗೆ ಹೋಗಿ, ನನ್ನ ಕೊಡೆಯನ್ನು ನನಗೇ ಕೊಡುತ್ತಿಲ್ಲ ಎಂದು ಎರಡು ಪುಟ ದೂರು ಗೀಚಿದ.

ಮೇಲಧಿಕಾರಿ ಮಾವನಿಗೆ ಒಂದೇ ಮಾತು ಹೇಳಿ ಕಳಿಸಿದರು. ಬುಧವಾರ ವಿಚಾರಣೆ; ದೂರು ನಿಜವಾದರೆ ಮರುದಿನದಿಂದ ಟೈರ್ ಗೋದಾಮು. ಮಾವನಿಗೆ ಊಟ ಸೇರಲಿಲ್ಲ. ಟೈರುಗಳು ಏನನ್ನೂ ಮರೆಯುವುದಿಲ್ಲ, ಯಾರೊಂದಿಗೂ ಜಗಳವಾಡುವುದಿಲ್ಲ. ಅಲ್ಲಿ ಕೂತು ಅವನು ಯಾರನ್ನು ಏನೆಂದು ಕೇಳಬೇಕು? ಹೆಂಡತಿ ಕೂಡ ಅಂದು ಮಗಳ ಕ್ಲಾಸಿನ ಮಾತೆತ್ತಲಿಲ್ಲ. ಅದರಿಂದಲೇ ಅವನಿಗೆ ಇನ್ನಷ್ಟು ಹೆದರಿಕೆಯಾಯಿತು.

ಬುಧವಾರ ಮೇಲಧಿಕಾರಿಯ ಕೋಣೆಯಲ್ಲಿ ಮೂವರೂ ಕೂತರು; ಅಧಿಕಾರಿಯೂ ವ್ಯಾಪಾರಿಯೂ ಮೇಜಿನ ಒಂದೇ ಬದಿಗೆ, ಮಾವ ಎದುರಿಗೆ. ಅಧಿಕಾರಿ ಕೇಳಿದರು, "ಏನ್ರೀ, ಇವರು ಕಣ್ಣಾರೆ ಕಂಡಿದ್ದು ಅಂತಾರೆ. ಬಟ್ಟೆ ವ್ಯಾಪಾರದವರು. ಬಣ್ಣ ತಪ್ಪುತ್ತಾರಾ?"

ಮಾವ ಕಿವಿಯ ಪೆನ್ಸಿಲ್ಲನ್ನು ಮೇಜಿನ ಮೇಲೆ ಹುಡುಕುತ್ತ ಕೇಳಿದ, "ಒಂದು ಮಾತು ಸಾರ್. ಇಬ್ಬರೂ ತಿರುಗಿ ನೋಡಬೇಡಿ. ನಿಮ್ಮ ಹಿಂದಿನ ಗೋಡೆ ಗಡಿಯಾರದ ಮುಳ್ಳು ಕಪ್ಪೋ ಕೆಂಪೋ?"

"ಕಪ್ಪು" ಎಂದರು ಅಧಿಕಾರಿ. ಹನ್ನೊಂದು ವರ್ಷದಿಂದ ದಿನವೂ ಆ ಕೋಣೆಯಲ್ಲೇ ಕೂತು ಸಹಿ ಹಾಕುವವರು.

"ಎರಡು ಕಪ್ಪು, ಸೆಕೆಂಡಿನದು ಕೆಂಪು" ಎಂದು ವ್ಯಾಪಾರಿ ತಿದ್ದಿದ. "ಮೊನ್ನೆ ಬಂದಾಗಲೇ ನೋಡಿದೀನಿ."

"ಈಗ ತಿರುಗಿ."

ಗೋಡೆಯ ಮೇಲೆ ಒಂದು ಮೊಳೆ, ಅದರ ಸುತ್ತ ದುಂಡಗೆ ಬಿಳಿ ಕಲೆ. ಗಡಿಯಾರ ರಿಪೇರಿಗೆ ಹೋಗಿ ಮೂರು ತಿಂಗಳಾಗಿತ್ತು.

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ಮೊಳೆಯಲ್ಲಿ ದೋಷವೇನೂ ಸಿಗಲಿಲ್ಲ.

"ನೀವಿಬ್ಬರೂ ಸುಳ್ಳು ಹೇಳಿಲ್ಲ ಸಾರ್" ಎಂದ ಮಾವ. "ತಲೆ ಹಾಗೇನೇ. ಕಂಡದ್ದನ್ನೆಲ್ಲ ಇಟ್ಕೊಳ್ಳಲ್ಲ. ದಿನಾ ಕಾಣೋದನ್ನ ಇಟ್ಕೊಳ್ಳುತ್ತೆ, ಮಧ್ಯೆ ತೂತಿದ್ರೆ ತಾನೇ ತೇಪೆ ಹಾಕುತ್ತೆ. ತೇಪೆ ಎಷ್ಟು ಸೊಗಸಾಗಿರುತ್ತೆ ಅಂದ್ರೆ ನಮಗೇ ಕಾಣಲ್ಲ." ಆಮೇಲೆ ವ್ಯಾಪಾರಿಯ ಕಡೆ ತಿರುಗಿದ. "ಈಗಲಾದ್ರೂ ಹೇಳಿ ಸ್ವಾಮಿ. ಅವತ್ತು ಬಸ್ಸಲ್ಲಿ ಯಾರು ಕೆಣಕಿದ್ರು?"

"ಇನ್ಯಾರು, ನಮ್ಮ ಭಾವ!" ವ್ಯಾಪಾರಿ ಕುರ್ಚಿಯಲ್ಲೇ ಎಗರಿದ. "ಬಸ್ಸು ಹತ್ತಿದಾಗಿಂದ ಇಳಿಯೋವರೆಗೂ ಒಂದೇ ಸಮ ಆಡ್ಕೊಂಡು ನಕ್ಕ. ನೋಡ್ರಪ್ಪ ನಮ್ಮ ಭಾವಮೈದ, ಹೆಂಡ್ತಿ ಕೊಡೆ..."

ವ್ಯಾಪಾರಿ ಮೆಲ್ಲಗೆ ಮತ್ತೆ ಕುರ್ಚಿಗೆ ಒರಗಿದ.

ಮಾವ ಬಣ್ಣ ಹೇಳಲಿಲ್ಲ. ಅಷ್ಟೊಂದು ಅವಕಾಶವಿದ್ದರೂ ಹೇಳಲಿಲ್ಲ.

"ನೀಲಿ" ಎಂದ ವ್ಯಾಪಾರಿ. "ಅಂಚಿಗೆ ಬಿಳಿ ಹೂವು. ನನ್ನದು ಮನೇಲಿ ಬಾಗಿಲ ಹಿಂದೆ ನೇತಾಡ್ತಿರಬೇಕು."

ಮಾವ ಎದ್ದು ಹೋಗಿ ಕೊಡೆ ತಂದು ಬಿಚ್ಚಿದ. ಅಂಚಿಗೆ ಬಿಳಿ ಹೂಗಳಿದ್ದವು. ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು, ನಗದೆ ಕೈಗೆ ಕೊಟ್ಟ. ನಗದಿರಲು ಅವನು ಪಟ್ಟ ಪಾಡು ಅವನ ಕೆನ್ನೆಯಲ್ಲಿ ಕಾಣುತ್ತಿತ್ತು.

ಟೈರ್ ಗೋದಾಮಿನ ಮಾತು ಅಲ್ಲಿಗೇ ಮುಗಿಯಿತು. ವ್ಯಾಪಾರಿ ದೂರು ವಾಪಸು ಪಡೆದ. ದೂರು ಎರಡು ಪುಟ ಬರೆದಿದ್ದವನು ವಾಪಸಿಗೆ ಒಂದೇ ಸಾಲು ಬರೆದ: "ತಪ್ಪು ತಿಳುವಳಿಕೆಯಿಂದ ಆದದ್ದು." ಯಾರ ತಪ್ಪು ಎಂಬಲ್ಲಿ ಪೆನ್ನು ಓಡಲಿಲ್ಲ.

ಇಷ್ಟು ಹೊತ್ತು ಮಾವನವರನ್ನು ಏಕವಚನದಲ್ಲೇ ಅಳೆದೆ. ಈಗ ಆ ಸಾಲನ್ನು ಪೂರ್ತಿ ಮಾಡುತ್ತೇನೆ. ತಪ್ಪು ನನ್ನದು. ಕೊಡೆ ನೀಲಿ. ಅವರಲ್ಲಿ ನಾನು ಕೇಳಬೇಕಾದ ಕ್ಷಮೆ ಇನ್ನೂ ನನ್ನಲ್ಲೇ ಉಳಿದಿತ್ತು. ಅದನ್ನು ಇಲ್ಲಿ ಕೇಳುತ್ತಿದ್ದೇನೆ.