ಎದ್ದು ನೋಡುವ ಅತ್ತೆ
ಸೋಫಾ ಕೊಳ್ಳುವವರೆಲ್ಲ ಕೂತು ನೋಡಿದರೆ, ಈ ಅತ್ತೆ ಎದ್ದು ನೋಡುತ್ತಾರೆ. ಒಂದೇ ಸಂಜೆಗೆ ನಾಲ್ಕು ಅಂಗಡಿ, ಇಪ್ಪತ್ತು ಸೋಫಾ. ಕೈ ಊರದೆ ಏಳಲು ಬಂದರೆ ಮಾತ್ರ ಅದು ಪಾಸು. ಸೊಸೆ ಆಸೆಪಟ್ಟ ಮೆತ್ತನೆಯದರಲ್ಲಿ ಸೊಂಟದವರೆಗೆ ಹೂತುಹೋದಾಗ, "ಇದು ಸೋಫಾ ಅಲ್ಲಮ್ಮ, ಕೆಸರು" ಎಂದು ಮೂಗು ಮುರಿದರು. "ಕೂರೋಕೆ ಎಷ್ಟು ಹಾಯಾಗಿದೆ ನೋಡಿ ಅಮ್ಮ" ಎಂದ ಅಂಗಡಿಯವನಿಗೆ, "ಕೂರೋಕೆ ನೆಲ ಸಾಕಪ್ಪ, ನಾನು ದುಡ್ಡು ಕೊಡೋದು ಏಳೋದಕ್ಕೆ" ಎಂದರು. ಕೊನೆಗೆ ಮನೆಗೆ ಬಂದದ್ದು ನೆಟ್ಟನೆ ಬೆನ್ನಿನ, ಎತ್ತರದ ಮರದ ಕುರ್ಚಿ. ಹೊಸ ಪರದೆಗೂ ಇದಕ್ಕೂ ಎಣ್ಣೆ ಸೀಗೆಕಾಯಿ ಎಂದು ಸೊಸೆ ಗೊಣಗಿದಳು. "ಹಾಗಾದ್ರೆ ಪರದೆ ಬದಲಾಯಿಸು" ಎಂದರು ಅತ್ತೆ. ಮಂಡಿ ಮುರಿದ ವರ್ಷವೆಲ್ಲ, ಮಗ ಬಂದು ಎಬ್ಬಿಸಲಿ ಎಂದು ಕಾದು ಕೂತವರು ಅವರು. ಈಗಲೂ ಅವನು ಅಭ್ಯಾಸಬಲದಿಂದ ಕೈ ಚಾಚುತ್ತಾನೆ. ಅತ್ತೆ ಆ ಕೈಗೆ ಖಾಲಿ ಲೋಟ ಕೊಟ್ಟು, ತಾವೇ ಎದ್ದು ಹೋಗುತ್ತಾರೆ.