ಮೊದಲ ತಂಬಿಗೆ ನೀರು

ಹಗ್ಗದಲ್ಲಿ ಹದಿನಾಲ್ಕು ಗಂಟುಗಳಿದ್ದವು. ಗಂಟಿನಿಂದ ಗಂಟಿಗೆ ಒಂದು ಮೊಳ. ತುದಿಗೆ ಕಬ್ಬಿಣದ ನಟ್ಟು. ಬಾವಿಗೆ ಇಳಿಸಿ ಮೇಲೆಳೆದು ಒದ್ದೆಯಾದ ಗಂಟುಗಳನ್ನು ಎಣಿಸಿದರೆ ನೀರಿನ ಆಳ ತಿಳಿಯುತ್ತಿತ್ತು. ಎಷ್ಟು ಬ್ಲೀಚಿಂಗ್ ಪುಡಿ ಬೇಕೆಂಬುದು ಅದರ ಮೇಲೆ.

ಹಗ್ಗ ಗುರುಪಾದಪ್ಪನವರದು. ಅಕ್ಕಲಕೋಟ ತಾಲೂಕಿನ ಬಾವಿಗಳಿಗೆ ಔಷಧ ಹಾಕುತ್ತಲೇ ನಿವೃತ್ತರಾದವರು, ಆಮೇಲೂ ಆ ಕೆಲಸ ಬಿಡದವರು. ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದ ನಮ್ಮ ಕಾಲೇಜು ನೈರ್ಮಲ್ಯ ನಿರೀಕ್ಷಕರ ತರಬೇತಿ ತೆರೆಯಲು ಹೊರಟಾಗ, ಪಠ್ಯಕ್ರಮ ಬರೆಯುವ ಕೆಲಸ ನನಗೆ ಬಂತು. ಎಂ.ಎಸ್ಸಿ. ಆಗಿತ್ತು, ಬಾವಿಯ ಪರಿಚಯ ಇರಲಿಲ್ಲ. ಒಂದು ಬೇಸಿಗೆ ಅವರ ಹಿಂದೆ ತಿರುಗಿದೆ.

ತಡವಳ ಎಂಬ ಹಳ್ಳಿಯಲ್ಲಿ ಒಬ್ಬ ಅಜ್ಜಿ ಕೊಡ ಹಿಡಿದು ಅಡ್ಡ ನಿಂತಳು. "ನಿನ್ನ ಔಷಧ ನಿನ್ನ ಮನ್ಯಾಗ ಹಾಕ್ಕೊ. ಈ ವಾಸನಿ ನೀರು ಯಾರ್ ಕುಡೀತಾರ?"

"ನಾನಽ ಕುಡೀತೀನಿ ಆಯಿ. ನಾ ಸತ್ರ ನೀ ಬ್ಯಾರೆ ಬಾವಿಗಿ ಹೋಗು."

ಪುಡಿ ಹಾಕಿ ಅರ್ಧ ಗಂಟೆ ಕಟ್ಟೆಯ ಮೇಲೆ ಕೂತರು. ಮೊದಲ ತಂಬಿಗೆ ತಾವೇ ಕುಡಿದರು. ಅಜ್ಜಿ ಅವರ ಮುಖವನ್ನು ನೋಡಿದಳು, ಆಮೇಲೆ ಕೊಡ ಇಳಿಸಿದಳು.

"ಬರಕೊಳ್ರಿ ಅಕ್ಕೋರ," ಅಂದರು ನನಗೆ. "ಪುಡಿ ಹಾಕೂದು ಯಾರರ ಕಲಸ್ತಾರ. ಇದನ್ನ ಕಲಸ್ಬೇಕು."

ಬರೆದುಕೊಂಡೆ. ಬಾವಿಯ ಪಾಠ ಅವರೇ ಹೇಳುವುದೆಂದು ಅವರೂ ನಂಬಿದ್ದರು, ನಾನೂ. ಆದರೆ ಕೊನೆಯ ಪುಟದ 'ಬೋಧಕರ ಅರ್ಹತೆ'ಯನ್ನು ಬೇರೊಂದು ಕೋರ್ಸಿನಿಂದ ಹಾಗೆಯೇ ನಕಲು ಮಾಡಿದ್ದೆ: ವಿಜ್ಞಾನ ಪದವೀಧರರು ಮಾತ್ರ. ಗುರುಪಾದಪ್ಪನವರು ಓದಿದ್ದು ಏಳನೆಯ ತರಗತಿ. ಸಮಿತಿ ಒಂದಕ್ಷರ ತಿದ್ದದೆ ಒಪ್ಪಿತು. ತಿದ್ದಲು ಕೇಳಿಕೊಂಡಾಗ ಪ್ರಾಂಶುಪಾಲರು ಮರಾಠಿಯಲ್ಲಿ, "ನೀವೇ ಬರೆದದ್ದಲ್ಲವೆ?" ಎಂದರು.

ಗುರುಪಾದಪ್ಪನವರಿಗೆ ಇದನ್ನು ಹೇಳಲು ಎರಡು ತಿಂಗಳು ತಡಮಾಡಿದೆ. ಬಾವಿ ಪಾಠದ ಹಿಂದಿನ ಸಂಜೆ ವಿಜಾಪುರ ರಸ್ತೆಯ ಅವರ ಮನೆಗೆ ಹೋದೆ. ಗೂಟಕ್ಕೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೂಗುತ್ತಿತ್ತು. ಅದರತ್ತ ನೋಡದೆ ಹೇಳಿ ಮುಗಿಸಿದೆ. ಅವರು ಪಠ್ಯಕ್ರಮದ ಪುಟಗಳನ್ನು ಒಂದೊಂದಾಗಿ ತಿರುವಿದರು.

"ನಾ ಹೇಳಿದ್ದೆಲ್ಲಾ ಒಳಗ ಬಂದೈತಿ. ನಾ ಒಬ್ಬಾಂವಽ ಹೊರಗ ಉಳದೀನಿ ನೋಡ್ರಿ," ಎಂದು ನಕ್ಕರು. "ನಾಳಿ ಪಾಠ ಯಾರು ಹೇಳ್ತಾರ?"

"ನಾನು."

ನನಗೆ ಏನೂ ಅನ್ನಿಸಲಿಲ್ಲ. ಚಹಾದ ಬಸಿಯ ಅಂಚು ಒಡೆದಿತ್ತು. ಅದನ್ನು ನೋಡುತ್ತ ಕೂತಿದ್ದೆ. ಹೊರಡುವಾಗ ಹಗ್ಗವನ್ನು ನನ್ನ ಚೀಲಕ್ಕೆ ಹಾಕಿದರು. "ಗಂಟು ನನ್ನ ಮೊಳದ್ದು. ನಿಮ್ಮ ಕೈ ಸಣ್ಣದು. ಬಿಚ್ಚಿ ಕಟ್ಟಬ್ಯಾಡ್ರಿ, ಲೆಕ್ಕ ತಪ್ಪತೈತಿ."

ಆಮೇಲೆ ಅವರನ್ನು ನಾನು ನೋಡಲಿಲ್ಲ.

ಮರುದಿನ ಬೆಳಿಗ್ಗೆ ವಿದ್ಯಾರ್ಥಿಗಳನ್ನು ತಡವಳಕ್ಕೆ ಕರೆದೊಯ್ದೆ. ಒಂಬತ್ತು ಗಂಟು ಒದ್ದೆಯಾಗಿದ್ದವು. ಪುಡಿ ಹಾಕಿಸಿ ಅರ್ಧ ಗಂಟೆ ಕಟ್ಟೆಯ ಮೇಲೆ ಕೂತೆ. ಅಜ್ಜಿ ಕೊಡ ಹಿಡಿದು ನನ್ನ ಮುಖ ನೋಡುತ್ತಿದ್ದಳು. ಮೊದಲ ತಂಬಿಗೆಯನ್ನು ಎತ್ತಿ ಕುಡಿದೆ.